‘525 ಪಟ್ಟು ಹಿಗ್ಗಿಸುವ ಟೆಲಿಸ್ಕೋಪ್’: ಕೊಳ್ಳುವ ಮುನ್ನ ಇದನ್ನು ಓದಿ

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಟೆಲಿಸ್ಕೋಪ್ ಜಾಹೀರಾತುಗಳಲ್ಲಿ ಎದ್ದು ಕಾಣುವುದು ಒಂದೇ ಸಂಖ್ಯೆ: ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಅದನ್ನೇ ನಂಬಿ ಕೊಂಡದ್ದು ನಾಲ್ಕೇ ದಿನಕ್ಕೆ ಅಟ್ಟ ಸೇರಿದರೆ, ದುಡ್ಡಿನ ಜೊತೆ ಮಗುವಿನ ಆಸಕ್ತಿಯೂ ಹೋಗುತ್ತದೆ.

525 ಪಟ್ಟು ನಿಜವೇ?

ಲೆಕ್ಕಕ್ಕೆ ನಿಜ, ಬಳಕೆಗೆ ಅಲ್ಲ. ಟೆಲಿಸ್ಕೋಪಿನ ಸಂಗಮದೂರ 700 ಮಿ.ಮೀ., ಐಪೀಸಿನದು 4 ಮಿ.ಮೀ. ಇದ್ದರೆ 175 ಪಟ್ಟು. ಅದನ್ನು ಮೂರು ಪಟ್ಟು ಮಾಡುವ ಬಾರ್ಲೋ ಮಸೂರ ಸೇರಿಸಿದರೆ 525. ಆದರೆ ಮುಂದಿನ ಮಸೂರದ ವ್ಯಾಸ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟೇ ಉಪಯುಕ್ತ ಮಿತಿ. 70 ಮಿ.ಮೀ. ಮಸೂರಕ್ಕೆ ಸುಮಾರು 140 ಪಟ್ಟು. ಅದನ್ನು ಮೀರಿದರೆ ಚಿತ್ರ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಶನಿಯ ಬಳೆ ಗುರುತಿಸಲು 30 ಪಟ್ಟು ಸಾಕು.

ಯಾವುದು ಸುಲಭ?

ಮಸೂರದ ಟೆಲಿಸ್ಕೋಪ್ (ರಿಫ್ರ್ಯಾಕ್ಟರ್): 70 ಮಿ.ಮೀ.ನದು ಹಗುರ. ಬೆಳಗಾವಿಯ ಮನೆಯ ತಾರಸಿಗೆ ಒಬ್ಬರೇ ಒಯ್ಯಬಹುದು. ಚಂದ್ರ, ಗುರು, ಶನಿಗೆ ನಗರದ ಬೆಳಕು ಅಡ್ಡಿಯಲ್ಲ. ಕಾಲು ನಡುಗುವ ಸ್ಟ್ಯಾಂಡ್ ಮಾತ್ರ ಬೇಡ.

ಡಾಬ್ಸೋನಿಯನ್: ಕನ್ನಡಿಯ ಕೊಳವೆ, ಕೆಳಗೆ ತಿರುಗುವ ಪೆಟ್ಟಿಗೆ. ಕೈಯಿಂದ ಮೇಲೆ-ಕೆಳಗೆ, ಅತ್ತ-ಇತ್ತ ತಳ್ಳಿದರಾಯಿತು. 8 ಇಂಚಿನದು 60 ಮಿ.ಮೀ. ಮಸೂರಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಭಾರ ಜಾಸ್ತಿ, ಆಗಾಗ ಕನ್ನಡಿ ಸರಿಹೊಂದಿಸಬೇಕು. ಖಾನಾಪುರ ಕಡೆಯ ಹಳ್ಳಿಯ ಕತ್ತಲ ಅಂಗಳಕ್ಕೆ ಇದು ಒಳ್ಳೆಯ ಜೋಡಿ. ನೀಹಾರಿಕೆ, ನಕ್ಷತ್ರಗುಚ್ಛಗಳು ಕಾಣುತ್ತವೆ.

ಈಕ್ವಟೋರಿಯಲ್ ಸ್ಟ್ಯಾಂಡ್: ಇದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ಹೊಂದಿಸಬೇಕು. ಬೆಳಗಾವಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಇಲ್ಲಿ ಧ್ರುವ ಕಾಣುವುದು ದಿಗಂತದಿಂದ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟೇ ಎತ್ತರದಲ್ಲಿ. ಪಕ್ಕದ ಕಟ್ಟಡವೋ ಮರವೋ ಅದನ್ನು ಮರೆಮಾಡಬಹುದು. ಹೊಸಬರಿಗೆ ಇದು ತಲೆನೋವು.

ಕಂಪ್ಯೂಟರ್ ನಡೆಸುವ ‘ಗೋ-ಟು’: ಗ್ರಹವನ್ನು ತಾನೇ ಹುಡುಕುತ್ತದೆ. ಆದರೆ ಹೆಚ್ಚಿನ ಮಾದರಿಗಳಿಗೆ ಮೊದಲು ಕೆಲವು ನಕ್ಷತ್ರಗಳನ್ನು ನೀವೇ ತೋರಿಸಬೇಕು. ಬ್ಯಾಟರಿ ಮುಗಿದರೆ ಹುಡುಕಾಟವೂ ಮುಗಿಯಿತು.

ಎರಡು ಎಚ್ಚರಿಕೆ

ಟೆಲಿಸ್ಕೋಪಿನಿಂದ ಸೂರ್ಯನನ್ನು ನೇರವಾಗಿ ನೋಡಬೇಡಿ. ಕ್ಷಣದಲ್ಲೇ ಕಣ್ಣು ಹೋಗಬಹುದು. ಐಪೀಸಿಗೆ ಹಾಕುವ ಪುಟ್ಟ ‘ಸನ್ ಫಿಲ್ಟರ್’ ಬಂದಿದ್ದರೆ ಬಳಸಬೇಡಿ, ಕಾವಿಗೆ ಅದು ಸೀಳಬಹುದು. ಇನ್ನೊಂದು, ಖಾನಾಪುರದ ಮಳೆಗಾಲ. ತೇವಕ್ಕೆ ಮಸೂರದ ಮೇಲೆ ಬೂಷ್ಟು ಬರುತ್ತದೆ. ಒರೆಸಿ ಒಣಗಿದ ಮೇಲೆ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಮುಚ್ಚಿಡಿ.

ಒಟ್ಟಿನಲ್ಲಿ

ಹಿಗ್ಗಿಸುವ ಸಂಖ್ಯೆ ಬಿಡಿ. ವ್ಯಾಸ, ಸ್ಟ್ಯಾಂಡ್, ತೂಕ ಈ ಮೂರನ್ನು ಕೇಳಿ. ಇನ್ನೂ ಅನುಮಾನವಿದ್ದರೆ 10x50 ಬೈನಾಕ್ಯುಲರ್‌ನಿಂದ ಶುರು ಮಾಡಿ. ಮೊಣಕೈಯನ್ನು ಗೋಡೆಗೆ ಊರಿ ಹಿಡಿದರೆ ಚಂದ್ರನ ಕುಳಿಗಳೂ ಗುರುವಿನ ಉಪಗ್ರಹಗಳೂ ಅದರಲ್ಲೇ ಕಾಣುತ್ತವೆ.