ನೆಲೆಯೂರದ ಭ್ರೂಣ, ಸಲ್ಲದ ನಿಂದೆ

ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣವು ಗರ್ಭಕೋಶದಲ್ಲಿ ನೆಲೆಯೂರದಿದ್ದರೆ ಮನೆಯವರ ದೂರು ಸೊಸೆಯ ಮೇಲೆ: ಮೆಟ್ಟಿಲು ಹತ್ತಿದಳು, ಭಾರ ಎತ್ತಿದಳು. ಆದರೆ ಕಾರಣವು ಅನೇಕ ವೇಳೆ ಭ್ರೂಣದಲ್ಲಿಯೇ ಇರುತ್ತದೆ. ಜೀವಕೋಶವು ಎರಡಾಗಿ, ನಾಲ್ಕಾಗಿ ವಿಭಜನೆಗೊಳ್ಳುವಾಗ ಕೆಲವು ಚೂರುಗಳು ಕಳಚಿಕೊಳ್ಳುತ್ತವೆ. ಅವು ಅಲ್ಪವಾಗಿದ್ದರೆ ಆರೋಗ್ಯವಂತ ಶಿಶು ಜನಿಸಬಹುದು; ಹೆಚ್ಚಿದಂತೆ ಭರವಸೆ ಕುಗ್ಗುತ್ತದೆ. ನೋಟಕ್ಕೆ ಅಚ್ಚುಕಟ್ಟಾದ ಭ್ರೂಣದಲ್ಲಿಯೂ ವರ್ಣತಂತುಗಳ ಸಂಖ್ಯೆ ತಪ್ಪಿರಬಹುದು. ತಾಯಿಯ ವಯಸ್ಸು 35 ದಾಟಿದ ಮೇಲೆ ಇದು ಹೆಚ್ಚು. ವೀರ್ಯದ ದೋಷಕ್ಕೂ ಪಾಲುಂಟು. ಗಂಡನೂ ಪರೀಕ್ಷೆಗೆ ಹೋಗಲೇಬೇಕು. ಭ್ರೂಣವನ್ನು ಸೇರಿಸಿದ ಬಳಿಕ ದಿನಗಟ್ಟಲೆ ಮಲಗಿದರೆ ಫಲ ಹೆಚ್ಚುವುದಿಲ್ಲ.

ಸೂತಕವನ್ನೇ ನಿರಾಕರಿಸಿದ ಶರಣರ ಪರಂಪರೆಯವರು ನಾವು. ಆದರೂ ಮಕ್ಕಳಾಗದವಳನ್ನು ಸೀಮಂತದಲ್ಲಿ ಉಡಿ ತುಂಬಲು ಕರೆಯೆವು. ಇದು ಯಾವ ಶರಣಧರ್ಮ? ಮುಂದಿನ ಸೀಮಂತದಲ್ಲಿ ಮೊದಲ ಉಡಿಯನ್ನು ಆಕೆಯೇ ತುಂಬಲಿ.