ಮದ್ದಿಗೆ ನಾಚಿಕೆ ಏಕೆ?



ಕೆಮ್ಮು, ಜ್ವರ ಬಂದರೆ ನಾವು ನಾಲ್ಕು ಜನರಿಗೆ ಹೇಳಿಕೊಳ್ಳುತ್ತೇವೆ. ಮಲದಲ್ಲಿ ರಕ್ತ ಕಂಡರೆ ಮಾತ್ರ ಬಾಯಿ ಬಿಡುವುದಿಲ್ಲ. ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಅಂಗಡಿಯ ಲೇಹ್ಯ ತಿಂದು ದಿನ ದೂಡುವವರು ನಮ್ಮಲ್ಲಿ ಬಹಳ. ಅದು ದೊಡ್ಡ ಕರುಳಿನ ಹುಣ್ಣೂ ಆಗಿರಬಹುದು. ಡಾಕ್ಟರರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ರಕ್ತ, ಲೋಳೆ, ಗಳಿಗೆಗೊಮ್ಮೆ ಸಂಡಾಸಿಗೆ ಓಡುವ ಅವಸರ ಇದರ ಲಕ್ಷಣ. ಆಮಶಂಕೆಯೂ ಹೀಗೆಯೇ ಕಾಣುತ್ತದೆ. ಮಲಪರೀಕ್ಷೆ ಮಾಡಿಸಿ, ಕೊಳವೆಯಿಂದ ಕರುಳು ನೋಡಿದ ಮೇಲೆಯೇ ನಿಶ್ಚಯ.

ಈ ಹುಣ್ಣು ಸಾಮಾನ್ಯವಾಗಿ ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆ. ಆದ್ದರಿಂದ ಮೆಸಲಮೈನ್ ಎಂಬ ಮದ್ದನ್ನು ಕೆಳಗಿನಿಂದಲೇ ಕೊಡುತ್ತಾರೆ. ಗುದನಾಳದಲ್ಲಷ್ಟೇ ಇದ್ದರೆ ಬತ್ತಿ. ಎಡಗಡೆಯ ಕರುಳಿಗೂ ಏರಿದ್ದರೆ ಎನಿಮಾ. ಗಾಯವಿದ್ದಲ್ಲಿಗೇ ಮುಲಾಮು ಹಚ್ಚಿದಂತೆ. 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಜಾದ್ ಖಾನ್ ಎಂಬ ವೈದ್ಯರೂ ಸಂಗಡಿಗರೂ ಹಳೆಯ ಸಲ್ಫಸಲಜೀನ್ ಮದ್ದಿನ ಎರಡು ಅಂಶಗಳನ್ನು ಬೇರೆ ಬೇರೆಯಾಗಿ ಎನಿಮಾದಲ್ಲಿ ಕೊಟ್ಟು, ಗುಣ ಕೊಡುವ ಅಂಶ ಯಾವುದೆಂದು ತೋರಿಸಿದರು. ಇಂದಿನ ಮೆಸಲಮೈನ್ ಅದೇ. ಎಡಗಡೆಯ ಹುಣ್ಣಿಗೆ ಮಾತ್ರೆಯೊಂದನ್ನೇ ನುಂಗುವುದಕ್ಕಿಂತ ಎರಡನ್ನೂ ಕೂಡಿಸಿದರೆ ಗುಣ ಹೆಚ್ಚು.

ಹಸುಗೂಸಿಗೆ ಹೊಟ್ಟೆ ಕಟ್ಟಿದರೆ ನಮ್ಮ ಅಜ್ಜಿಯರು ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡುತ್ತಿದ್ದರು. ಆಗ ಇಲ್ಲದ ಮಾನಹಾನಿ ಈಗ ಎಲ್ಲಿಂದ ಬಂತು?

ಆದರೆ ತಪ್ಪೆಲ್ಲ ರೋಗಿಯ ನಾಚಿಕೆಯದೆಂದರೆ ಅನ್ಯಾಯವಾದೀತು. ಎನಿಮಾ ಹಾಕಿಕೊಳ್ಳಲು ಎಡಮಗ್ಗುಲಾಗಿ ಮಲಗಬೇಕು. ಆದಷ್ಟು ಮಟ್ಟಿಗೆ ರಾತ್ರಿಯಿಡೀ ಮದ್ದು ಒಳಗೆ ನಿಲ್ಲಬೇಕು. ನಡುರಾತ್ರಿ ಪಾತ್ರೆ ತೊಳೆದು ಮುಗಿಸಿ, ಮೇಜುಗಳ ನಡುವೆ ಹತ್ತು ಜನರ ಸಾಲಿನಲ್ಲಿ ಮಲಗಿ, ನಸುಕಿಗೆ ಇಡ್ಲಿ ಬೇಯಿಸಲು ಏಳುವವನಿಗೆ ಆ ಮರೆಯೆಲ್ಲಿ, ಆ ರಾತ್ರಿಯೆಲ್ಲಿ? ಗಿರಣಿಯ ರಾತ್ರಿಪಾಳಿಯವನಿಗೆ ಹಗಲೇ ರಾತ್ರಿ. ಇರುವ ಒಂದು ಖೋಲಿಯಲ್ಲಿ ಮನೆಮಂದಿಯೆಲ್ಲ ಓಡಾಡುತ್ತಿರುತ್ತಾರೆ. ಬರೆಸಿಕೊಂಡು ತಂದ ಮದ್ದು ಟ್ರಂಕಿನಲ್ಲೇ ಉಳಿಯುವುದು ಹೀಗೆ.

ಆದ್ದರಿಂದ ಸಂಘವು ಕೇಳಬೇಕಾದುದು ಇಷ್ಟು: ಮಲಗುವಲ್ಲಿ ಒಂದು ಮೂಲೆಗೆ ಪರದೆ, ಚಿಲಕವೂ ನೀರೂ ಇರುವ ಸಂಡಾಸು, ಗಲ್ಲಾದಲ್ಲಿ ಕೂತವರ ಅಪ್ಪಣೆಗೆ ಕಾಯದೆ ಹೋಗಿಬರುವ ಬಿಡುವು, ರೋಗದ ನೆಪದಲ್ಲಿ ಕೆಲಸ ತೆಗೆಯುವುದಿಲ್ಲವೆಂಬ ಮಾತು. ರಕ್ತಭೇದಿಯವನನ್ನು ಅಡಿಗೆಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಮಾಲಕರು ಕೇಳಬಹುದು. ಅಂಟುವ ಭೇದಿಯಾದರೆ ಅವರ ಮಾತು ಸರಿ. ಈ ರೋಗ ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ. ಡಾಕ್ಟರರ ಚೀಟಿ ನೋಡಲಿ, ಗಿರಾಕಿಯ ಹೆಸರು ಹೇಳಿ ಹೊರಗೆ ಹಾಕದಿರಲಿ.

ನಾವೂ ಪಕ್ಕದವನ ಮದ್ದಿನ ಪೆಟ್ಟಿಗೆ ಕಂಡು ನಗುವುದನ್ನು ಬಿಡಬೇಕು. ಅವನು ಮಗ್ಗುಲಾಗುವ ಹೊತ್ತಿಗೆ ಎದ್ದು ಸ್ವಲ್ಪ ಹೊರಗೆ ನಿಂತರೆ ನಮಗೇನು ನಷ್ಟ? ಮದ್ದು ಹಿಡಿದವರು ರಕ್ತ ನಿಂತಿತೆಂದು ಡಾಕ್ಟರರನ್ನು ಕೇಳದೆ ಬಿಡಬೇಡಿ. ಬಿಟ್ಟರೆ ಹುಣ್ಣು ಮರಳುವುದುಂಟು. ರಕ್ತ ಕಂಡವರು ಈ ವಾರವೇ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ಕಚೇರಿಗೆ ಬನ್ನಿ, ಜೊತೆಗೆ ಬರುತ್ತೇವೆ.