ಅಪ್ಪನ ಪ್ರೇಮಲೋಕ, ಮಗಳ ತೊರಾಡೊರಾ

ಹೈಸ್ಕೂಲಿಗೆ ಹೋಗುವ ಮಕ್ಕಳು ಏನು ಓದುತ್ತಾರೆಂಬುದು ಪಾಲಕರಿಗೆ ಗೊತ್ತಿರುತ್ತದೆ. ಏನು ನೋಡುತ್ತಾರೆಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ದೊಡ್ಡ ಶಹರಗಳ ಮಾತು ಹಾಗಿರಲಿ, ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಲ್ಲೂ ಈಗ ಅಂಗೈಯಗಲದ ಮೊಬೈಲಿನೊಳಗೆ ಜಪಾನ್ ಬಂದು ಕೂಡುತ್ತದೆ. ಅರ್ಧ ಮುಖವೆಲ್ಲ ಕಣ್ಣೇ ಆಗಿರುವ ಹುಡುಗ ಹುಡುಗಿಯರು, ಅರ್ಥವಾಗದ ಮಾತು, ಕೆಳಗೆ ಇಂಗ್ಲಿಷ್ ಅಕ್ಷರಗಳು. ‘ಇಷ್ಟು ದೊಡ್ಡಾಕಿ ಆಗಿ ಕಾರ್ಟೂನ್ ನೋಡ್ಲಕತ್ತಿದೇನವ್ವಾ?’ ಎಂದು ಅಪ್ಪ ನಗುತ್ತಾನೆ. ಅದು ಬರೀ ಕಾರ್ಟೂನ್ ಅಲ್ಲ, ಶಾಲೆಯ ಹುಡುಗರ ಪ್ರೇಮಕಥೆ ಎಂದು ತಿಳಿದ ಗಳಿಗೆಯಲ್ಲಿ ನಗು ಮಾಯವಾಗುತ್ತದೆ. ಮೊಬೈಲ್ ಅಪ್ಪನ ಕಿಸೆ ಸೇರುತ್ತದೆ.

ಹಾಗಾದರೆ ಆ ಅಪ್ಪ ಯಾವ ಹಾಡು ಕೇಳುತ್ತ ಬೆಳೆದ? 1987ರಲ್ಲಿ ‘ಪ್ರೇಮಲೋಕ’ ತೆರೆ ಕಂಡಿತು. ವಿ. ರವಿಚಂದ್ರನ್ ತಾವೇ ನಿರ್ದೇಶಿಸಿ ನಾಯಕರಾದರು. 1984ರ ಮಿಸ್ ಇಂಡಿಯಾ ಜೂಹಿ ಚಾವ್ಲಾ ನಾಯಕಿ. ಹಾಡು ಬರೆದು ರಾಗ ಹಾಕಿದವರು ಹಂಸಲೇಖ. ಕಾಲೇಜಿನ ಅಂಗಳ, ಮೋಟರ್‌ಸೈಕಲ್, ತುಂಟಾಟ, ಮಾತಿಗೊಂದು ಹಾಡು. ಅದರ ಕ್ಯಾಸೆಟ್ ಮದುವೆ ಮನೆಯ ಮೈಕಿನಲ್ಲಿ, ಚಹಾದ ಅಂಗಡಿಯ ಟೇಪ್‌ರೆಕಾರ್ಡರಿನಲ್ಲಿ ವರ್ಷಗಟ್ಟಲೆ ಹಾಡಿತು. ಈ ಕಥೆಯ ಎಳೆಯೂ ಹೊರಗಿನಿಂದ ಬಂದದ್ದೇ. 1982ರ ‘ಗ್ರೀಸ್ 2’ ಎಂಬ ಅಮೆರಿಕನ್ ಚಿತ್ರದಲ್ಲಿ, ಬೈಕ್ ಸವಾರನನ್ನೇ ಮೆಚ್ಚುವ ಹುಡುಗಿಗಾಗಿ ಓದಾಳಿ ಹುಡುಗನೊಬ್ಬ ಗುಟ್ಟಾಗಿ ಬೈಕ್ ಕಲಿಯುತ್ತಾನೆ. ಅದರ ಛಾಯೆ ‘ಪ್ರೇಮಲೋಕ’ದ ಮೇಲಿದೆ. ಹೊರದೇಶದ ಶಾಲೆಯ ಪ್ರೇಮ ಹಾಸ್ಯ ಕನ್ನಡದ ಮನೆಗೆ ಬಂದದ್ದು ಮೊಬೈಲಿನಿಂದಲೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಮಗಳ ಕಥೆಗೆ ಬರೋಣ. ಇಂಥ ಜಪಾನಿ ಚಿತ್ರಮಾಲೆಗಳಲ್ಲಿ ಬಹಳ ಹೆಸರಾದ ಒಂದು ‘ತೊರಾಡೊರಾ’. ಯುಯುಕೊ ತಾಕೆಮಿಯಾ ಎಂಬ ಲೇಖಕಿಯ ಕಾದಂಬರಿಗಳನ್ನು ಆಧರಿಸಿ 2008–09ರಲ್ಲಿ 25 ಕಂತುಗಳಲ್ಲಿ ಜಪಾನಿನ ಟಿ.ವಿ.ಯಲ್ಲಿ ಬಂತು. ರ್‍ಯೂಜಿ ಎಂಬ ಹುಡುಗನ ಮುಖ ರೌಡಿಯಂತೆ, ಮನಸ್ಸು ಮಾತ್ರ ಬೆಣ್ಣೆ. ಅಡುಗೆ, ಕಸ, ಬಟ್ಟೆ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಪಕ್ಕದ ಕಟ್ಟಡದ ತಾಯಿಗಾ ಎಂಬ ಹುಡುಗಿ ಗೇಣುದ್ದ, ಸಿಟ್ಟು ಮಾತ್ರ ಮಾರುದ್ದ. ಇವನಿಗೆ ಅವಳ ಗೆಳತಿಯ ಮೇಲೆ ಆಸೆ, ಅವಳಿಗೆ ಇವನ ಗೆಳೆಯನ ಮೇಲೆ. ಒಬ್ಬರಿಗೊಬ್ಬರು ಸಹಾಯ ಮಾಡಲು ಹೋಗಿ ಇಬ್ಬರೂ ಪರಸ್ಪರ ಮೆಚ್ಚಿಕೊಳ್ಳುವುದೇ ಕಥೆ.

ಇದರಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸುವುದು ಏನು? ಮೊದಲನೆಯದು, ಹದಿನಾರರ ಮನಸ್ಸಿನ ತಳಮಳವನ್ನು ಈ ಕಥೆ ಹಗುರವಾಗಿ ಕಾಣುವುದಿಲ್ಲ. ಹೇಳಬೇಕೆಂದ ಮಾತು ಗಂಟಲಲ್ಲಿ ನಿಲ್ಲುವುದು, ಗೆಳತಿಗೆ ನೋವಾದೀತೆಂದು ತನ್ನ ಆಸೆ ನುಂಗಿಕೊಳ್ಳುವುದು, ಇವೆಲ್ಲ ಅಲ್ಲಿ ದೊಡ್ಡ ಸಂಗತಿಗಳು. ಮನೆಯಲ್ಲಿ ‘ಓದು, ಓದು’ ಎಂಬ ಮಾತನ್ನಷ್ಟೇ ಕೇಳುವ ಹುಡುಗಿಗೆ ತನ್ನೊಳಗಿನದನ್ನು ಯಾರೋ ಬಲ್ಲರು ಎನಿಸುತ್ತದೆ. ಎರಡನೆಯದು, ಮನೆಯ ಕೊರತೆಯನ್ನು ಮುಚ್ಚಿಡುವುದಿಲ್ಲ. ರ್‍ಯೂಜಿಗೆ ತಂದೆಯಿಲ್ಲ, ತಾಯಿ ರಾತ್ರಿಯೆಲ್ಲ ದುಡಿದು ಬರುವವಳು. ತಾಯಿಗಾಳಿಗೆ ಹಣವಿದೆ, ಜೊತೆಗೆ ಇರುವವರಿಲ್ಲ. ಮೂರನೆಯದು ನಗು. ಅಳು ಬರುವ ಮಾತನ್ನು ನಗಿಸುತ್ತ ಹೇಳಿದರೆ ಅದು ಬೇಗ ಮನಸ್ಸಿಗೆ ಇಳಿಯುತ್ತದೆ.

ಇನ್ನು ವಿಜ್ಞಾನದ ಮಾತು. ಪ್ರೇಮ ಹೃದಯದಲ್ಲಿ ಹುಟ್ಟುತ್ತದೆ ಎಂದು ಕವಿಗಳು ಹೇಳಲಿ, ಎದೆ ಡವಡವ ಎನ್ನಲು ಮುಖ್ಯ ಕಾರಣ ಅಡ್ರಿನಲಿನ್ ಎಂಬ ರಸ. ಅದನ್ನು ಸ್ರವಿಸುವ ಗ್ರಂಥಿಗಳು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿವೆ. ನಾಯಿ ಬೆನ್ನಟ್ಟಿದಾಗ, ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಮೆಚ್ಚಿದವರು ಎದುರಾದಾಗ ಹರಿಯುವುದು ಅದೇ ರಸ. ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ಎಂಬ ತೂಗುಸೇತುವೆಯ ಮೇಲೆ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗ 1974ರಲ್ಲಿ ಪ್ರಕಟವಾಯಿತು. ತೂಗಾಡುವ ಸೇತುವೆಯ ಮೇಲೆ ಸಂದರ್ಶಕಿಯೊಬ್ಬಳನ್ನು ಕಂಡ ಯುವಕರಲ್ಲಿ, ಗಟ್ಟಿ ಸೇತುವೆಯ ಮೇಲೆ ಕಂಡವರಿಗಿಂತ ಹೆಚ್ಚು ಮಂದಿ ಆಮೇಲೆ ಆಕೆಗೆ ಫೋನ್ ಮಾಡಿದರು. ಭಯದ ಎದೆಬಡಿತವನ್ನು ಮನಸ್ಸು ಮೋಹವೆಂದು ಓದಿಕೊಂಡಿತು ಎಂಬುದು ಅವರ ವಿವರಣೆ. ಇದರ ಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಬೈಕಿನ ಸಾಹಸ, ಮಳೆ, ಜಗಳ ಇಲ್ಲದ ಪ್ರೇಮ ಚಿತ್ರಗಳು ಯಾಕಿಷ್ಟು ಕಡಿಮೆ ಎಂದು ಕೇಳುವ ವಿದ್ಯಾರ್ಥಿಗೆ ಇದರಲ್ಲೊಂದು ಸುಳಿವಿದೆ. ಎದೆ ಬಡಿದುಕೊಂಡಿತು ಎಂಬುದು ನಿಜ. ಯಾಕೆ ಬಡಿದುಕೊಂಡಿತು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ದೋಷಗಳನ್ನೂ ನೋಡಬೇಕು. ‘ತೊರಾಡೊರಾ’ದ ತಾಯಿಗಾ ಸಿಟ್ಟು ಬಂದಾಗಲೆಲ್ಲ ರ್‍ಯೂಜಿಯನ್ನು ಹೊಡೆಯುತ್ತಾಳೆ, ಒದೆಯುತ್ತಾಳೆ. ನೋಡುವವರು ನಗಬೇಕೆಂಬುದೇ ಅದರ ಉದ್ದೇಶ. ಹುಡುಗ ಹುಡುಗಿಯನ್ನು ಹಾಗೆ ಹೊಡೆದಿದ್ದರೆ ಯಾರಾದರೂ ನಗುತ್ತಿದ್ದರೇ? ಹೊಡೆತ ಯಾರ ಕೈಯಿಂದ ಬಂದರೂ ಹೊಡೆತವೇ. ಒಂದು ಮಾತಿನಲ್ಲಿ ಮುಗಿಯುವ ತಪ್ಪು ತಿಳಿವಳಿಕೆಯನ್ನು ಹತ್ತಾರು ಕಂತು ಎಳೆಯುವುದು ಇನ್ನೊಂದು ದೋಷ. ನಮ್ಮ ‘ಪ್ರೇಮಲೋಕ’ವೂ ಕಡಿಮೆಯಿಲ್ಲ. ಕಾಲೇಜಿಗೆ ಬಂದ ಹುಡುಗಿಯನ್ನು ಹಣ್ಣಿಗೆ ಹೋಲಿಸಿ ಹುಡುಗರ ಗುಂಪು ಹಾಡುತ್ತದೆ. ತೆರೆಯ ಮೇಲೆ ಅದು ಮೋಜು. ಬಸ್‌ಸ್ಟ್ಯಾಂಡಿನಲ್ಲಿ ಅದೇ ಹಾಡು ಕೇಳಿಸಿಕೊಂಡು ತಲೆ ತಗ್ಗಿಸಿ ನಡೆದ ಹುಡುಗಿಯರನ್ನು ಕೇಳಿದರೆ ಮೋಜು ಎಷ್ಟೆಂಬುದು ತಿಳಿಯುತ್ತದೆ. ಬೇಡವೆಂದರೂ ಹೆಣ್ಣಿನ ಬೆನ್ನು ಹತ್ತುವುದನ್ನು ಸಿನಿಮಾ ಛಲ ಎನ್ನುತ್ತದೆ, ಕಾನೂನು ಅಪರಾಧ ಎನ್ನುತ್ತದೆ. 2013ರಲ್ಲಿ ದಂಡಸಂಹಿತೆಗೆ ಸೇರಿದ ಈ ಅಪರಾಧ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ.

ಆದರೆ ಒಂದು ವಿಷಯದಲ್ಲಿ ಆ ಜಪಾನಿ ಕಥೆ ಪಾಲಕರ ಪಕ್ಷದಲ್ಲೇ ನಿಲ್ಲುತ್ತದೆ, ಇದನ್ನು ಕಡೆಯವರೆಗೂ ನೋಡದವರಿಗೆ ತಿಳಿಯುವುದಿಲ್ಲ. ಕೊನೆಯ ಕಂತುಗಳಲ್ಲಿ ಆ ಇಬ್ಬರೂ ಓಡಿಹೋಗಲು ನಿರ್ಧರಿಸುತ್ತಾರೆ. ರ್‍ಯೂಜಿಯ ತಾಯಿಯೂ ಹಿಂದೆ ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟು ಹೋದವಳೇ. ಮಗ ಹೈಸ್ಕೂಲಿಗೆ ಬಂದರೂ ಅವಳು ತವರಿನ ಮುಖ ಕಂಡಿರುವುದಿಲ್ಲ. ಆ ತವರನ್ನು ಹುಡುಕಿಕೊಂಡು ಹೋದ ಮೇಲೆ ಮಕ್ಕಳು ಮನಸ್ಸು ಬದಲಿಸುತ್ತಾರೆ. ಓಡುವುದು ಬೇಡ, ಮನೆಯವರನ್ನು ಎದುರಿಸೋಣ ಎನ್ನುತ್ತಾರೆ. ತಾಯಿಗಾ ತನ್ನ ತಾಯಿಯ ಬಳಿಗೆ ಮರಳುತ್ತಾಳೆ. ಅರ್ಧಕ್ಕೆ ಮೊಬೈಲ್ ಕಸಿದುಕೊಂಡರೆ ಮಗಳ ತಲೆಯಲ್ಲಿ ಉಳಿಯುವುದು ಆಸೆಯ ಭಾಗ ಮಾತ್ರ, ಈ ತಿಳಿವಳಿಕೆಯ ಭಾಗ ಅಲ್ಲ.

ಇದು ಬರೀ ಮನರಂಜನೆಯ ಪ್ರಶ್ನೆಯಲ್ಲ. ಮಗಳ ಮೊಬೈಲಿನಲ್ಲಿ ಪ್ರೇಮದ ಕಥೆ ಕಂಡಿತೆಂದು ಹೆದರಿ ಶಾಲೆ ಬಿಡಿಸುವ, ಗಂಡು ಹುಡುಕುವ ಮನೆಗಳು ಇನ್ನೂ ಇವೆ. ಹುಡುಗಿಗೆ 18 ತುಂಬದೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ. ಕಥೆಗೆ ಹೆದರಿ ಮಗಳ ಹತ್ತನೇ ತರಗತಿಯನ್ನೇ ಕಳೆದರೆ ನಷ್ಟ ಯಾರಿಗೆ?

ಪಾಲಕರು ಒಂದು ಕಂತನ್ನಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಲಿ. ನೋಡಿದ ಮೇಲೆ ಮೂರು ಪ್ರಶ್ನೆ ಕೇಳಲಿ. ಒಬ್ಬರು ಬೇಡ ಎಂದಾಗ ಇನ್ನೊಬ್ಬರು ಏನು ಮಾಡಿದರು? ಇಲ್ಲಿ ಯಾರನ್ನು ನೋಯಿಸಿ ನಮ್ಮನ್ನು ನಗಿಸಿದರು? ಇವರು ಓದಿದ್ದು, ದುಡಿದದ್ದು ಎಲ್ಲಿ ಕಾಣಿಸಿತು? ವಿದ್ಯಾರ್ಥಿಗಳೂ ಒಂದು ಕೆಲಸ ಮಾಡಬಹುದು. ‘ಪ್ರೇಮಲೋಕ’ ಬಂದಾಗ ನಿಮಗೆಷ್ಟು ವಯಸ್ಸು, ಯಾವ ಹಾಡು ಇಷ್ಟ ಎಂದು ಅಪ್ಪ ಅವ್ವನನ್ನು ಕೇಳಿ ನೋಡಲಿ. ಮೊದಲು ಸಿಡುಕಿದರೂ ಆಮೇಲೆ ಅವರು ಹೇಳತೊಡಗುತ್ತಾರೆ. ಹಾಗೆ ಹೇಳಿದ ಪಾಲಕರ ಮುಂದೆ ಮಕ್ಕಳಿಗೂ ತಮ್ಮ ಮಾತು ಹೇಳುವುದು ಸುಲಭವಾಗುತ್ತದೆ.